ಷಡ್ಡಕನ ಸಕ್ಕರೆ, ನನ್ನ ಹೊಟ್ಟೆಕಿಚ್ಚು

ಇನ್ನೊಬ್ಬರ ಮನೆ, ತೋಟ, ಮೋಟರು ಬೈಕು ಕಂಡು ಹೊಟ್ಟೆ ಉರಿದುಕೊಳ್ಳುವವರನ್ನು ನೀವು ನೋಡಿರುತ್ತೀರಿ. ನಾನು ಒಂದು ಕಾಯಿಲೆಯನ್ನು ಕಂಡು ಹೊಟ್ಟೆ ಉರಿದುಕೊಂಡವನು. ನಗಬೇಡಿ, ಪೂರ್ತಿ ಕೇಳಿ.

ಕಾಯಿಲೆ ನನ್ನ ಷಡ್ಡಕ ರುದ್ರಪ್ಪನದು, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡನದು. ನನ್ನ ತೋಟ ತಿಪಟೂರಿನ ಮಗ್ಗುಲಲ್ಲಿ, ಅವನದು ತುರುವೇಕೆರೆ ಕಡೆ. ಇಬ್ಬರಿಗೂ ಹೆಣ್ಣು ಕೊಟ್ಟ ಮನೆ ಚಿಕ್ಕನಾಯಕನಹಳ್ಳಿಯಲ್ಲಿ. ಹಿರಿಯ ಅಳಿಯ ನಾನು. ಆದರೆ ಆ ಮನೆಯಲ್ಲಿ ಮೊದಲ ಮರ್ಯಾದೆ ರುದ್ರಪ್ಪನ ಸಕ್ಕರೆ ಕಾಯಿಲೆಗೆ. ಹಬ್ಬಕ್ಕೆ ಹೋದರೆ ನಮ್ಮತ್ತೆ, "ರುದ್ರಪ್ಪನೋರು ಸೂಜಿ ಹಾಕ್ಕೊಂಡವ್ರೆ, ಮೊದ್ಲು ಅವ್ರಿಗೆ ಬಡಿಸ್ರೇ" ಎಂದು ಅಡುಗೆಮನೆಯನ್ನೇ ಎಬ್ಬಿಸುತ್ತಿದ್ದರು. ಅವನ ಇನ್ಸುಲಿನ್ ಬಾಟಲಿ ಒದ್ದೆ ಮರಳು ತುಂಬಿದ ಕುಡಿಕೆಯಲ್ಲಿ, ದೇವರ ಮನೆಯ ತಂಪು ಮೂಲೆಯಲ್ಲಿ ಕೂರುತ್ತಿತ್ತು. ಗಾಜಿನ ಸಿರಿಂಜು ಕುದಿಸುವುದಕ್ಕೆ ಬೇರೆಯೇ ಪಾತ್ರೆ. ಅವನು ಪಂಚೆ ಸರಿಸಿ ತೊಡೆಗೆ ಚುಚ್ಚಿಕೊಳ್ಳುವಾಗ ಮನೆಯ ಮಕ್ಕಳೆಲ್ಲ ಸುತ್ತ ನಿಂತು ಉಸಿರು ಹಿಡಿದು ನೋಡುವರು. ಅದೇ ಹೊತ್ತಿಗೆ ನಾನು ಐದು ಹೋಳಿಗೆ ತಿಂದರೂ ತಿರುಗಿ ನೋಡುವವರಿರಲಿಲ್ಲ.

ನಮ್ಮ ಭಾಷೆ ಮಾಡಿದ ಹಿರಿಯರು ದೊಡ್ಡ ವೈದ್ಯರೇ ಇರಬೇಕು. ಈ ಕಿಚ್ಚನ್ನು ಅವರು ಎದೆಯಲ್ಲಿಡಲಿಲ್ಲ, ತಲೆಯಲ್ಲಿಡಲಿಲ್ಲ, ಸೀದಾ ಹೊಟ್ಟೆಯಲ್ಲಿಟ್ಟರು. ಡಾಕ್ಟರ ಪ್ರಕಾರ ಇನ್ಸುಲಿನ್ ಒಸರುವ ಗ್ರಂಥಿಯೂ ಹೊಟ್ಟೆಯ ಹಿಂದೆಯೇ ಇರುವುದಂತೆ. ಹಾಗಾದರೆ ಷಡ್ಡಕರಿಬ್ಬರಿಗೂ ಕೆಟ್ಟಿದ್ದು ಹೆಚ್ಚುಕಡಿಮೆ ಒಂದೇ ಜಾಗ. ಅವನ ಕಾಯಿಲೆಗೆ ಸಂಸ್ಕೃತದವರು ಮಧುಮೇಹ ಎಂದು ಜೇನು ಸವರಿದ ಹೆಸರಿಟ್ಟರು, ಔಷಧಿಯೂ ಸಿಕ್ಕಿತು. ನನ್ನದಕ್ಕೆ ಯಾವ ಅಂಗಡಿಯಲ್ಲೂ ಏನೂ ಸಿಗಲಿಲ್ಲ.

ಹೀಗಿರುವಾಗ ತೆಂಗು ಬೆಳೆಗಾರರ ತಂಡವೊಂದನ್ನು ಮಲೇಶಿಯಾಕ್ಕೆ ಕಳಿಸುತ್ತಾರೆಂಬ ಸುದ್ದಿ ಬಂತು. ಆಗ ನಮ್ಮ ಸೀಮೆಯಲ್ಲಿ ವಿಮಾನವೆಂದರೆ ತಲೆ ಎತ್ತಿ ನೋಡುವ ವಸ್ತು. ನಾನು ಅರ್ಜಿ ಹಾಕಿದೆ. ಹಾಕಿ ಸುಮ್ಮನಿರದೆ ಪಟ್ಟಿ ಬರುವ ಮೊದಲೇ ಟೈಲರ್ ರೆಹಮತ್ ಸಾಬರ ಹತ್ತಿರ ಬೂದಿ ಬಣ್ಣದ ಕೋಟು ಹೊಲಿಸಿ, ಅದನ್ನು ತೊಟ್ಟು ಫೋಟೋವನ್ನೂ ತೆಗೆಸಿದೆ. ಪಟ್ಟಿ ಬಂತು. ರುದ್ರಪ್ಪನ ಹೆಸರಿತ್ತು, ನನ್ನದಿರಲಿಲ್ಲ.

"ದಿನಾ ಎರಡು ಸಲ ಚುಚ್ಚಿಕೊಳ್ಳೋನು ವಿಮಾನದಲ್ಲಿ ಹೆಂಗಪ್ಪ ಹೋಯ್ತಾನೆ?" ಎಂದು ಊರೆಲ್ಲ ಕನಿಕರಪಟ್ಟುಕೊಂಡು ತಿರುಗಿದೆ. ಡಾಕ್ಟರು ಬೇಡವೆನ್ನುತ್ತಾರೆಂಬ ಆಸೆಯಿಂದ ಅವನ ಜೊತೆಗೆ ನಾನೇ ಹೋದೆ. ಆ ಮಹಾನುಭಾವರು ಬೇಡವೆನ್ನುವುದಿರಲಿ, ತಾವೇ ಹೊರಟಂತೆ ಹುರುಪಾದರು. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ವಿಮಾನದ ಹೊಟ್ಟೆಯೊಳಗೆ ಹೆಪ್ಪುಗಟ್ಟೀತು. ಸೂಜಿ ಹಾಕಿಕೊಂಡ ಅರ್ಧ ಗಂಟೆಯೊಳಗೆ ಊಟ ಆಗಬೇಕು. ಊಟ ತಡವಾಗಿ ಬೆವರು, ನಡುಕ ಬಂದರೆ ತಕ್ಷಣ ಗ್ಲೂಕೋಸು ಬಾಯಿಗೆ ಹಾಕಿಕೋ ಎಂದರು. ಸೂಜಿಗಳಿಗೆಂದು ಇಂಗ್ಲಿಷಿನಲ್ಲಿ ಒಂದು ಪತ್ರವನ್ನೂ ಬರೆದುಕೊಟ್ಟರು. ನನಗೆ ಜೀವಮಾನದಲ್ಲಿ ಯಾರೂ ಇಂಗ್ಲಿಷಿನಲ್ಲಿ ಪತ್ರ ಬರೆದುಕೊಟ್ಟಿಲ್ಲ. ಬರುವ ದಾರಿಯಲ್ಲಿ ರುದ್ರಪ್ಪ ಮೆತ್ತಗೆ, "ಅಣ್ಣಯ್ಯ, ನಿನ್ನ ಕೋಟು ಸುಮ್ನೆ ಇದ್ರೆ ಕೊಟ್ಟಿರು" ಎಂದ. ಕೊಟ್ಟೆ, ಕೊಡದೆ ಏನು ಮಾಡಲಿ?

ಕಿಬ್ಬನಹಳ್ಳಿಯಲ್ಲಿ ಬೀಳ್ಕೊಡುಗೆ. ಅವನು ಬೆಂಗಳೂರಿನ ಬಸ್ಸು ಹಿಡಿದು, ಮದರಾಸಿಗೆ ಹೋಗಿ ವಿಮಾನ ಹತ್ತಬೇಕು. ಹಾರ ಹಾಕಿಸಿಕೊಂಡು ನನ್ನ ಕೋಟಿನಲ್ಲಿ ನಿಂತಿದ್ದ. ಅದು ಅವನಿಗೇ ಹೆಚ್ಚು ಒಪ್ಪಿತ್ತು. ಆ ಗಳಿಗೆಯಲ್ಲಿ ನನ್ನ ಹೊಟ್ಟೆ ಧಗಧಗ ಅಂದಿತು. ಮನೆಯಿಂದ ತಂದಿದ್ದ ಕೊಬ್ಬರಿ ಸಕ್ಕರೆಯ ಪೊಟ್ಟಣವನ್ನು ಅವನ ಕೈಗಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಹೊರಡೋರಿಗೆ ಸಿಹಿ ಕೊಡ್ದೆ ಕಳ್ಸಬಾರ್ದು ಕಣಪ್ಪ. ನಿನ್ನ ಹಣೇಲಿ ತಿನ್ನೋದು ಬರ್ದಿಲ್ಲ ಬುಡು, ಸುಮ್ನೆ ಇಟ್ಕೋ" ಎಂದೆ. ನಾದಿನಿ ನನ್ನನ್ನು ಸುಡುವ ಹಾಗೆ ನೋಡಿದಳು. ರುದ್ರಪ್ಪ ಅದನ್ನು ಕೋಟಿನ ಜೇಬಿಗೆ ತುರುಕಿಕೊಂಡು ಬಸ್ಸು ಹತ್ತಿದ.

ಮೂರು ವಾರಕ್ಕೆ ಹಿಂತಿರುಗಿದ. ಚಿಕ್ಕನಾಯಕನಹಳ್ಳಿಯ ಪಡಸಾಲೆಯಲ್ಲಿ ಕೂತು ಅವನು ಹೇಳಿದ್ದು ಇಷ್ಟು. ವಿಮಾನದಲ್ಲಿ ಊಟದ ಗಾಡಿ ಹೊರಟಿದ್ದು ಕಂಡು ಸೂಜಿ ಹಾಕಿಕೊಂಡ. ಅಷ್ಟರಲ್ಲಿ ವಿಮಾನ ಎತ್ತಿ ಕುಕ್ಕತೊಡಗಿತು. ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡು ಹೋಗಿ, ಎಲ್ಲರೂ ಸೊಂಟದ ಪಟ್ಟಿ ಬಿಗಿದು ಕೂತಿರಿ ಎಂದರು. ಅರ್ಧ ಗಂಟೆ ಆಯಿತು, ಮುಕ್ಕಾಲಾಯಿತು. ಮೈಯೆಲ್ಲ ಬೆವರು, ಕೈ ನಡುಕ, ಕಣ್ಣು ಮಂಜು. ಗ್ಲೂಕೋಸಿನ ಡಬ್ಬಕ್ಕೆ ಕೈಚೀಲವನ್ನೆಲ್ಲ ತಡಕಿದರೆ ಅಲ್ಲಿಲ್ಲ. ಮನೆಯಲ್ಲಿ ಸಿಹಿಯನ್ನೆಲ್ಲ ಗಂಡನ ಕೈಗೆ ಸಿಗದ ಹಾಗೆ ಬಚ್ಚಿಟ್ಟು ಅಭ್ಯಾಸವಾಗಿದ್ದ ನನ್ನ ನಾದಿನಿ, ಡಬ್ಬವನ್ನು ದೊಡ್ಡ ಪೆಟ್ಟಿಗೆಯ ತಳದಲ್ಲಿ, ಪಂಚೆಗಳ ಕೆಳಗೆ ಇಟ್ಟಿದ್ದಳು! ಪೆಟ್ಟಿಗೆ ವಿಮಾನದ ಹೊಟ್ಟೆಯಲ್ಲಿತ್ತು. ಯಾರನ್ನಾದರೂ ಕರೆಯೋಣವೆಂದರೆ ನಾಲಿಗೆ ತೊದಲಿತು. ಆಗ ಜೇಬಿಗೆ ಹೋದ ಕೈಗೆ ನನ್ನ ಪೊಟ್ಟಣ ಸಿಕ್ಕಿತು.

"ಸಕ್ರೆನೆಲ್ಲ ಮುಕ್ಕಿ ನೀರು ಕುಡ್ದೆ. ಹೋಯ್ತಿದ್ದ ಜೀವ ಬಂತು. ಅಣ್ಣಯ್ಯನ ಕೈಲಿ ಉಳ್ಕೊಂಡೆ" ಎಂದ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾದಿನಿ ಬಂದು ಕಾಲಿಗೆ ಬಿದ್ದಳು. ಅವತ್ತು ಮೊದಲ ಎಲೆ ನನಗೆ, ಮೊದಲ ತುಪ್ಪ ನನಗೆ. ಇಷ್ಟು ವರ್ಷ ಬಯಸಿದ್ದೆಲ್ಲ ಎಲೆಯ ಮೇಲಿತ್ತು, ಐದು ಹೋಳಿಗೆ ತಿನ್ನುವ ನಾನು ಒಂದಕ್ಕೇ ಎದ್ದುಬಿಟ್ಟೆ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ತಡೆಯಲಾರದೆ ಹೇಳಿಬಿಟ್ಟೆ. "ಅದನ್ನ ನಾನು ಪ್ರೀತಿಗೆ ಕೊಟ್ಟಿದ್ದಲ್ಲ ಕಣಪ್ಪ. ಹೊಟ್ಟೆಕಿಚ್ಚಿಗೆ ಕೊಟ್ಟಿದ್ದು."

"ಗೊತ್ತು ಬುಡು ಅಣ್ಣಯ್ಯ" ಎಂದ ರುದ್ರಪ್ಪ, ಚೊಂಬು ಬಗ್ಗಿಸಿ ನನ್ನ ಕೈಗೆ ನೀರು ಹಾಕುತ್ತಾ. "ಪ್ರೀತಿಗೆ ಕೊಟ್ಟಿದ್ರೆ ಅಲ್ಲೇ ಬಿಚ್ಚಿ ಎಲ್ರಿಗೂ ಹಂಚಿಬುಡ್ತಿದ್ದೆ. ಜೇಬಲ್ಲಿ ಏನು ಉಳೀತಿತ್ತು? ಸಿಟ್ಟು ಬಂದು ತುರುಕ್ಕೊಂಡಿದ್ದಕ್ಕೆ ಉಳೀತು."

ನಮ್ಮ ಕಡೆ ಕೊಬ್ಬರಿ ಸಕ್ಕರೆ ಕೈಗೆ ಬಂದರೆ ಎದುರಿಗಿದ್ದವರಿಗೆಲ್ಲ ಚಿಟಿಕೆ ಚಿಟಿಕೆ ಹಂಚುವುದೇ ಪದ್ಧತಿ. ಅದು ನನಗೆ ಹೊಳೆದೇ ಇರಲಿಲ್ಲ. ನಾನು ಒಳ್ಳೆಯವನಾಗಿದ್ದರೆ ಆ ದಿನ ಅವನು ಸಾಯುತ್ತಿದ್ದನೆಂಬುದನ್ನು ನೆನೆದು ನಗಬೇಕೋ ಅಳಬೇಕೋ ಇವತ್ತಿಗೂ ತಿಳಿಯದು.

ಈಗ ಅವನು ಇಲ್ಲೇ ಪಕ್ಕದ ಅಮ್ಮಸಂದ್ರದ ತನಕ ಹೊರಟರೂ ನಾನು ಎರಡು ಪೊಟ್ಟಣ ಕಟ್ಟುತ್ತೇನೆ. ಒಂದನ್ನು ಎಲ್ಲರೆದುರು ಕೊಡುತ್ತೇನೆ. ಅವನು ಅಲ್ಲೇ ಹಂಚಿ ಮುಗಿಸುತ್ತಾನೆ. ಇನ್ನೊಂದನ್ನು, ಇವನು ಸಮುದ್ರವನ್ನು ಮೇಲಿನಿಂದ ನೋಡಿಬಂದವನಲ್ಲವೇ ಎಂದು ಒಂದು ಗಳಿಗೆ ಚೆನ್ನಾಗಿ ಹೊಟ್ಟೆ ಉರಿದುಕೊಂಡು, ಅವನ ಜೇಬಿಗೆ ತುರುಕುತ್ತೇನೆ.