ಹಗಲೊತ್ತಿನ ಲಗ್ನ

ಹಾನಗಲ್ಲಿನ ನಮ್ಮ ಓಣ್ಯಾಗ ವಾಣಿಶ್ರೀ ಗಿರಣಿ ಎಲ್ಲೈತಿ ಅಂದ್ರ ಯಾರರ ತೋರಸ್ತಾರ. ಗಂಡ ತೀರಿಕೊಂಡ ಮ್ಯಾಲೆ ಅಣ್ಣನ ಮನಿಗೆ ಹೋಗಲಿಲ್ಲ ಆಕಿ, ತಾನ ಜ್ವಾಳ ಬೀಸಾಕ ನಿಂತ್ಲು. ನಾನು ಬಾಜೂ ಮನಿ ಮಹಾದೇವಕ್ಕ. ಆಕಿ ಬಗ್ಗೆ ಹಗರ ಮಾತಾಡಾವರು ನನ್ನ ಬಾಯಿಗೆ ಸಿಗಬ್ಯಾಡ್ರಿ, ಮೊದಲ ಹೇಳೇನಿ.

ಹ್ವಾದ ವರ್ಷ ಮೊಬೈಲಿನ್ಯಾಗ ಜೋಡಿ ಹುಡುಕೋ ಆ್ಯಪ್ ಹಾಕ್ಕೊಂಡ್ಲು. ಏನ್ ಮಂದಿ ಅಂತೀರಿ! ಒಬ್ಬಾಂವ ಮುಂಜಾನೆದ್ದು ಗುಲಾಬಿ ಹೂವಿನ ಚಿತ್ರ ಕಳಸ್ತಿದ್ದ, ಸಂಜೀಕ ಫೋಟೋ ಬೇಡ್ತಿದ್ದ. ಇನ್ನೊಬ್ಬಾಂವ ಲಗ್ನದ ಮಾತು ಬ್ಯಾಡ, ಸುಮ್ನ ಭೆಟ್ಟಿಯಾಗೂಣು ಅಂದ. ಮತ್ತೊಬ್ಬ ಫೋಟೋದಾಗಿಂದ ಹೆಂಡ್ತಿನ್ನ ಕತ್ತರಿಸಿ ಹಾಕಿದ್ದ, ಅವನ ಹೆಗಲ ಮ್ಯಾಲೆ ಬಳಿ ತೊಟ್ಟ ಆಕಿ ಕೈ ಹಂಗ ಉಳದಿತ್ತು. ಅಂಥಾವರನ್ನೆಲ್ಲಾ ವಾಣಿ ಬ್ಲಾಕ್ ಮಾಡಿದ್ಲು. ತನ್ನ ಹೆಸರಿನ ಕೆಳಗ ‘ವಿಧವೆ’ ಅಂತ ತಾನ ಬರದಿದ್ಲು. ತಗದಬಿಡು ಅಂದ್ರ ಒಲ್ಲೆ ಅಂದ್ಲು.

ಅದನ್ನ ಓದೇ ಬಂದಾಂವ ದುಂಡಸಿ ಊರಿನ ಚನ್ನೇಶ. ಒಕ್ಕಲುತನ ಮಾಡಾಂವಗ ಯಾರೂ ಕನ್ಯಾ ಕೊಡದ ನಲವತ್ತರ ಹತ್ರ ಬಂದಿದ್ದ. ಶಿಗ್ಗಾವಿ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನ್ಯಾಗ ಮೊದಲ ಭೆಟ್ಟಿ, ನನ್ನೂ ಕರಕೊಂಡು ಹೋಗಿದ್ಲು. ಮಾತು ಕಡಿಮಿ ಮನಶ್ಯಾ. ಗಿರಣಿ ಬಿಡಬ್ಯಾಡ, ನಾನ ಹೋಗಿ ಬಂದು ಮಾಡ್ತೇನಿ ಅಂದ. ಆ ಒಂದ ಮಾತಿಗೆ ನಂಗೂ ಪಸಂದ್ ಆದ.

ಆಕಿ ಅಣ್ಣ ಶಂಭುಲಿಂಗ ಬ್ಯಾಡ ಅನ್ನಲಿಲ್ಲ. ಆದ್ರ ಉಡಿಕಿ ಮಾಡಿ ಮುಗಸೂಣು ಅಂದ. ನಮ್ಮ ಕಡೆ ಗಂಡ ಸತ್ತಾಕಿ ಮತ್ತ ಲಗ್ನಾದ್ರ ಹಂಗ. ಕತ್ತಲಾದ ಮ್ಯಾಲೆ ಬಾಗಲಾ ಹಾಕ್ಕೊಂಡು ಒಂದು ಸೀರಿ ಉಡಿಸಿ ಕಳಸೂದು. ಬಾಜಾ ಇಲ್ಲ, ಅಕ್ಕಿಕಾಳ ಇಲ್ಲ. ಕಳ್ಳಮಾಲು ಸಾಗಿಸಿದಂಗ! ಚನ್ನೇಶನ ಅವ್ವನೂ ಹ್ಞೂಂ ಅಂದ್ಲಂತ. ಕಡೀಕ ಚನ್ನೇಶನೂ ಫೋನ್ ಮಾಡಿ, ಹಿರ್ಯಾರ ಮನಸ್ಸು ಯಾಕ ಮುರಿಯೂದು ಅಂದ. ನಂಗ ಮೈ ಉರದ ಹೋತು.

ವಾಣಿ ಗಿರಣಿ ಬಂದ್ ಮಾಡಿ ಫೋನಿನ್ಯಾಗ ಅವನ ಕೂಡ ಮಾತಾಡಿದ್ಲು.

"ನಾನು ನಿಮ್ಮನ್ನ ಕದ್ದು ಭೆಟ್ಟಿಯಾಗಿಲ್ಲರಿ. ಹಗಲೊತ್ತಿನ್ಯಾಗ, ಮಂದಿ ನಡುವ ಕುಂತು ಚಾ ಕುಡದೇನಿ. ಲಗ್ನಾನೂ ಹಗಲೊತ್ತಿನ್ಯಾಗ ಆಗಬೇಕು. ಇಲ್ಲಂದ್ರ ಬರಬ್ಯಾಡ್ರಿ."

ಆಮ್ಯಾಲೆ ಅವನ ಫೋನ್ ಬರಲಿಲ್ಲ. ನೀನರ ಒಂದು ಸಲ ಫೋನ್ ಹಚ್ಚು ಅಂತ ವಾಣಿಗೆ ಅಂದೆ. ಹಚ್ಚಲಿಲ್ಲ, ಹಟಮಾರಿ. ವಾರ ಕಳದ ಮ್ಯಾಲೆ ಚನ್ನೇಶ ಅವ್ವನ್ನ ಬೈಕಿನ ಮ್ಯಾಲೆ ಕುಂಡ್ರಿಸಿಕೊಂಡು ಗಿರಣಿಗೇ ಬಂದ. ಮಧ್ಯಾಹ್ನದ ಮುಹೂರ್ತ ಕೇಳಿಕೊಂಡು ಬಂದಿದ್ದ. ಅವನ ಅವ್ವ ಮಾರಿ ಗಂಟು ಹಾಕ್ಕೊಂಡಿದ್ಲು, ಆದ್ರ ಬಂದಿದ್ಲಲ್ಲ.

ಗಿರಣಿ ಮುಂದನ ಚಪ್ಪರ ಹಾಕಿದ್ರು. ಲಗ್ನದ ದಿನ ಮುಂಜಾನೆ ವಾಣಿನ್ನ ಮಣಿ ಮ್ಯಾಲೆ ಕುಂಡ್ರಿಸಿ ಅರಿಶಿಣದ ಬಟ್ಟಲಾ ಇಟ್ರು. ಉಣ್ಣಾಕ ಬಂದಿದ್ದ ಮುತ್ತೈದ್ಯಾರು ಒಬ್ಬರ ಮಾರಿ ಒಬ್ಬರು ನೋಡಕೋತ ನಿಂತ್ರು. ಎರಡನೇ ಲಗ್ನದಾಕಿಗೆ ಅರಿಶಿಣ ಹಚ್ಚಾಕ ಒಬ್ಬಾಕಿನೂ ಮುಂದ ಬರಲಿಲ್ಲ. ಎಷ್ಟು ಸಿಟ್ಟು ಬಂತಂದ್ರ, ಬೈಯಾಕ ಬಾಯಿ ತಗದಿದ್ದೆ. ಅಷ್ಟರಾಗ ವಾಣಿ ತಾನ ಎದ್ದು ಬಟ್ಟಲಾ ತಗೊಂಡು ನನ್ನ ಕಡೆ ಬಂದ್ಲು.

ನಾನೂ ಗಂಡ ಇಲ್ಲದಾಕಿ. ಮಂದಿ ಲಗ್ನದಾಗ ಹಿಂದ ಗ್ವಾಡಿಗೆ ಹತ್ತಿ ನಿಂತ ನಿಂತ ನನ್ನ ತಲಿ ನೆರತೈತಿ.

"ಮಹಾದೇವಕ್ಕ, ನೀ ಹಚ್ಚು," ಅಂದ್ಲು.

ನಾ ಹಿಂದ ಸರದೆ. ಆಕಿ ಸರೀಲಿಲ್ಲ, ಬಟ್ಟಲಾ ಹಿಡಕೊಂಡು ಹಂಗ ನಿಂತ್ಲು. ಇಡೀ ಓಣಿ ನೋಡಾಕತ್ತಿತ್ತು. ನಾ ಎರಡೂ ಕೈ ಬಟ್ಟಲದಾಗ ಅದ್ದಿ ಆಕಿ ಗಲ್ಲಕ್ಕ ಹಚ್ಚಿದೆ.