ಸದ್ದಿಲ್ಲದ ಬೀದಿಗೆ ಕೊಟ್ಟ ದನಿ

ಅರವತ್ತರ ದಶಕದಲ್ಲಿ ಮದುವೆಯಾಗಿ ಧಾರವಾಡದಿಂದ ಅಹಮದಾಬಾದಿಗೆ ಬಂದೆ. ವರ್ಷ ತುಂಬುವುದರೊಳಗೆ ಸಾಕುಸಾಕಾಗಿತ್ತು. ಯಜಮಾನರು ಬೆಳಿಗ್ಗೆ ಲ್ಯಾಬಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಅಲ್ಲಿಯವರೆಗೆ ಗುಜರಾತಿ ಬಾರದ ನನ್ನ ಬಾಯಿಗೆ ಬೀಗ. ಓಣಿಯ ಹೆಂಗಸರು ಮಾತಾಡಿಸಿದರೆ ನಗುವುದು, ತಲೆಯಾಡಿಸುವುದು, ಇಷ್ಟೇ. ‘ನಾ ಊರಿಗೆ ಹೋಗ್ತೀನ್ರಿ, ತಿರುಗಿ ಬರಂಗಿಲ್ಲ’ ಅಂದೆ ಒಂದು ದಿನ. ಅವರು ವಾದಿಸಲಿಲ್ಲ, ಟಿಕೆಟ್ ತಂದು ದೇವರ ಮುಂದಿಟ್ಟರು. ಅದಕ್ಕೂ ಸಿಟ್ಟು ಬಂತು. ಬ್ಯಾಡ ಅಂತ ಒಂದು ಮಾತು ಅನ್ನಬಾರದಿತ್ತೇ?

ಹೊರಡುವ ಹಿಂದಿನ ದಿನ, ಅವರ ಕ್ಲಬ್ಬಿನಲ್ಲಿ ಹಳೆಯ ಫಿಲ್ಮು ತೋರಿಸುತ್ತಾರೆಂದು ಕರೆದೊಯ್ದರು. ಪಕ್ಕದ ಮನೆಯಾಕೆಯೂ ಬಂದಿದ್ದರು; ಅಲ್ಲಿಯವರ ಹಾಗೆ ನಾನೂ ಅವರನ್ನು ಬೆನ್, ಅಂದರೆ ಅಕ್ಕ, ಅನ್ನುತ್ತಿದ್ದೆ. ಕಥೆಯಿಲ್ಲ, ಹಾಡಿಲ್ಲ, ಸದ್ದೇ ಇಲ್ಲ. ನಾವು ಹುಟ್ಟುವ ಮೊದಲಿನ ಇದೇ ಊರಿನ ಬೀದಿ, ಅಷ್ಟೇ. ಟಾಂಗಾಗಳು ಗಡಬಡಿಸಿ ಓಡುತ್ತಿದ್ದವು. ಪೇಟದವನೊಬ್ಬ ಕ್ಯಾಮೆರಾ ಕಂಡು ನಿಂತ, ಹೋದ, ಮತ್ತೆ ಬಂದು ಮೀಸೆ ತೀಡಿಕೊಂಡ. ಮಗು ಎತ್ತಿಕೊಂಡ ಹೆಂಗಸೊಬ್ಬಳು ನಮ್ಮ ಕಡೆಯೇ ನೋಡಿ ಏನೋ ಹೇಳಿ ನಕ್ಕಳು. ಅವಳ ಮೇಲೆ ಎಂಥಾ ಅಕ್ಕರೆ ಬಂತು ನನಗೆ. ಅವಳು ಹೇಳಿದ್ದು ಅಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಈ ಊರಲ್ಲಿ ಮೊದಲ ಸಲ ಎಲ್ಲರೂ ನನ್ನ ಹಾಗೆಯೇ ಕೂತಿದ್ದರು.

ಆದರೆ ಆ ಮಂದಿ ಸುಮ್ಮನೆ ಕೂರುವವರೇ? ಪರದೆಯ ಮೇಲೆ ಯಾರು ಬಾಯಿ ತೆರೆದರೂ ತಾವೇ ದನಿ ಕೊಡತೊಡಗಿದರು. ಟಾಂಗಾದವನಿಗೆ ಒಬ್ಬರು, ಚಹಾದವನಿಗೆ ಇನ್ನೊಬ್ಬರು. ಆಮೇಲೆ ತರಕಾರಿ ಗಾಡಿ ಬಂತು. ತಳ್ಳುವವಳು ಕತ್ತೆತ್ತಿ ಬಾಯಿ ತೆರೆದಳು.

‘ಡುಂಗಳೀ... ಬಟಾಕಾ... ಲೇಜೋ ಬೆನ್...’

ಈರುಳ್ಳಿ, ಆಲೂಗಡ್ಡೆ ತಗೊಳ್ಳಿ ಅಕ್ಕಾ ಅಂತ ಕೂಗಿದ್ದು ನಾನು. ನಮ್ಮ ಓಣಿಯ ಗಾಡಿಯವಳ ರಾಗದಲ್ಲೇ, ಗಂಟಲು ಬಿಚ್ಚಿ. ದಿನಾ ಕಿಟಕಿಯಲ್ಲಿ ಕೂತು ಕೇಳಿದ್ದು ಯಾವಾಗ ಒಳಗಿಳಿದಿತ್ತೋ. ಇಡೀ ಹಾಲ್ ನಕ್ಕಿತು. ನಾಚಿಕೆಯಿಂದ ಸತ್ತೇ ಹೋದೆ. ಬೆನ್ ನನ್ನ ಕೈ ಹಿಡಿದು, ‘ತನೇ ತೋ ಆವಡೇ ಛೇ’ ಅಂದರು. ನಿನಗೆ ಬರುತ್ತಲ್ಲ, ಅಂತ. ಅದೂ ನನಗೆ ತಿಳಿಯಿತು. ರೀಲು ಮುಗಿಯುವವರೆಗೆ ಅವರು ಕೈ ಬಿಡಲಿಲ್ಲ.

ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ಯಜಮಾನರಿಗೆ ಹೇಳಿದೆ.

‘ನಾಳೆ ಹೋಗ್ತೀನ್ರಿ. ಅವ್ವನ್ನ ನೋಡಬೇಕು.’

‘ಹೂಂ.’

‘ತಿರುಗಿ ಬರೋ ಟಿಕೆಟ್ಟೂ ತಗಸ್ರಿ.’

ಅವರು ಗಾಡಿ ಬದಿಗೆ ನಿಲ್ಲಿಸಿದರು. ಇಳಿಯಲಿಲ್ಲ, ಹಿಂದಕ್ಕೂ ನೋಡಲಿಲ್ಲ. ಕನ್ನಡಕ ತೆಗೆದು ಅಂಗಿಗೆ ಒರೆಸುತ್ತ ಕೂತರು.

‘ಆವತ್ತ ಎರಡೂ ತಗಸೀನಿ,’ ಅಂದರು. ‘ಒಂದು ನನ್ನ ಕಿಸೇದಾಗ ಅದ.’

ನಾನು ಅವರ ಬೆನ್ನಿಗೆ ಹಣೆಯಿಟ್ಟು ಅತ್ತೆ.