ಯಾರೂ ಬೆನ್ನಟ್ಟದ ಸವಾರ

ಡೆನ್ಮಾರ್ಕಿನ ಒಬ್ಬ ಸೈಕಲ್ ಸವಾರನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದರೆ ಶಿಕಾರಿಪುರದಲ್ಲಿ ಯಾರೂ ನಂಬುವುದಿಲ್ಲ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಯುರೋಪಿನ ವೃತ್ತಿಪರ ಸವಾರನ ಉಸಾಬರಿ ಏಕೆ? ಆದರೂ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಅವನ ರೇಸುಗಳನ್ನೇ ನೋಡುತ್ತಿದ್ದೆ. ಜೊತೆಯ ಸವಾರರಿಗೆಲ್ಲ ಅವನೆಂದರೆ ಪ್ರಾಣ. ರೇಸು ಮುಗಿದ ಮೇಲೆ ಬೇರೆ ತಂಡದವರೂ ಬಂದು ಅವನನ್ನು ತಬ್ಬಿಕೊಳ್ಳುತ್ತಿದ್ದರು.

ನನ್ನ ಜೊತೆಯವರಿಗೂ ನಾನು ಬೇಕಾದವನೇ. ಭಾನುವಾರ ಬೆಳಿಗ್ಗೆ ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಸೈಕಲ್ ತುಳಿಯುವವರು ನಾವು ಮೂವರು: ಗೊಬ್ಬರದ ಅಂಗಡಿಯವರು, ದನದ ಡಾಕ್ಟರು, ನಾನು. ಮಳೆಗಾಲ ಶುರುವಾದರೆ ಶಿರಾಳಕೊಪ್ಪ ದಾಟುತ್ತಲೇ ಎದುರುಗಾಳಿ. ಮುಂದಿರುವವನು ಗಾಳಿಗೆ ಎದೆ ಕೊಟ್ಟರೆ ಹಿಂದಿನವರಿಗೆ ತುಳಿಯುವುದು ಸುಲಭ. ಆ ಮುಂದಿನ ಜಾಗ ಯಾವಾಗಲೂ ನನ್ನದು. ಸೊರಬ ಹತ್ತಿರ ಬಂದಾಗ ಅವರಿಬ್ಬರೂ ನನ್ನ ಮರೆಯಿಂದ ಈಚೆ ಬಂದು, ಊರೊಳಗಿನ ಹೋಟೆಲಿಗೆ ಯಾರು ಮೊದಲು ಎಂದು ಜಿದ್ದಿಗೆ ಬೀಳುತ್ತಿದ್ದರು. ಆಮೇಲೆ ನಾನು ಹೋಗಿ ಕೂತರೆ, "ಇಂಥ ಮನುಷ್ಯ ಸಿಗಲ್ಲ ಕಣ್ರೀ" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಬರಬರುತ್ತ ಮೈ ಉರಿಸತೊಡಗಿತು.

ಏಕೆಂದರೆ ಡೆನ್ಮಾರ್ಕಿನವನನ್ನು ತಬ್ಬಿಕೊಳ್ಳುವವರೇ, ರೇಸಿನಲ್ಲಿ ಅವನು ಮುಂದೆ ಹೋದರೆ ಹಲ್ಲು ಕಚ್ಚಿ ಬೆನ್ನಟ್ಟುತ್ತಿದ್ದರು. ಪ್ರೀತಿ ಇದೆ ಎಂದು ಯಾರೂ ಬಿಟ್ಟುಕೊಡುತ್ತಿರಲಿಲ್ಲ. ನನ್ನನ್ನೋ, ಇವರು ಪ್ರೀತಿಸುತ್ತಿದ್ದರೇ ಹೊರತು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಮ್ಮೆಯಾದರೂ ನಾನೇ ಮೊದಲು ಸೊರಬ ಮುಟ್ಟಬೇಕೆಂಬ ಹಟ ಹತ್ತಿತು.

ಹೋದ ತಿಂಗಳು ಒಂದು ಭಾನುವಾರ, ಸೊರಬ ಇನ್ನೂ ದೂರವಿರುವಾಗಲೇ, ಹೇಳದೆ ಕೇಳದೆ ಬಿರುಸಾಗಿ ತುಳಿದೆ. ಗಾಳಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಷ್ಟು ದೂರ ಹೋಗಿ ತಿರುಗಿ ನೋಡಿದರೆ, ಇಬ್ಬರೂ ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ಆರಾಮವಾಗಿ ಬರುತ್ತಿದ್ದಾರೆ. ನಾನು ಸೈಕಲ್ ನಿಲ್ಲಿಸಿಬಿಟ್ಟೆ.

"ಯಾಕ್ರೀ, ನನ್ ಬೆನ್ನು ಹತ್ಲಿಲ್ಲ?" ಎಂದೆ, ಅವರು ಹತ್ತಿರ ಬಂದಾಗ.

"ಪಾಪ, ಇದೊಂದ್ಸಲ ನೀವೇ ಗೆಲ್ಲಿ ಅಂತ ಬಿಟ್ವಿ," ಎಂದರು ಗೊಬ್ಬರದ ಅಂಗಡಿಯವರು.

"ನಿಮ್ ಪಾಪ ನನಿಗೆ ಬ್ಯಾಡ. ಸೋಲ್ಸಿ ನೋಡಾಣ ನನ್ನ."

ಡಾಕ್ಟರು ನನ್ನ ಮುಖವನ್ನೇ ನೋಡಿದರು. ನಗಲಿಲ್ಲ. "ಹಂಗಾರೆ ನಡೀರಿ," ಎಂದವರೇ ಹೊರಟುಬಿಟ್ಟರು.

ಅಲ್ಲಿಂದ ಮುಂದೆ ನಿಜವಾದ ಜಿದ್ದು. ನಾನು ಡಾಕ್ಟರನ್ನು ಹಿಂದೆ ಹಾಕಿದೆ, ಅಂಗಡಿಯವರು ನನ್ನನ್ನು ಹಾಕಿದರು, ಒಂದು ಏರಿನಲ್ಲಿ ಡಾಕ್ಟರು ಮೊಣಕೈ ತಾಗುವಷ್ಟು ಹತ್ತಿರದಿಂದ ನುಗ್ಗಿ ಇಬ್ಬರನ್ನೂ ದಾಟಿದರು. ದಾಕ್ಷಿಣ್ಯ ಎಂಬುದೇ ಇರಲಿಲ್ಲ. ಕೊನೆಗೆ ನನ್ನ ಕಾಲು ಸೋತವು. ಸೊರಬದ ಹೋಟೆಲು ಮುಟ್ಟಿದಾಗ ಎಂದಿನಂತೆ ನಾನೇ ಕೊನೆಯವನು.

ಡಾಕ್ಟರು ಕಟ್ಟೆಯ ಮೇಲೆ ಕೂತು ಇನ್ನೂ ಏದುಸಿರು ಬಿಡುತ್ತಿದ್ದರು. ನನ್ನನ್ನು ಹೊಗಳಲಿಲ್ಲ. ಮುಖ ಒರೆಸಿಕೊಂಡು, "ದಾರಿ ಪೂರ್ತಿ ಹಿಂದೆ ತಿರುಗಿ ನೋಡ್ತಿದ್ದೆ ಮಾರಾಯ್ರೆ, ನೀವೆಲ್ಲಿ ಬಂದ್ಬಿಡ್ತೀರೋ ಅಂತ," ಎಂದರು.

ಸೋತ ದಿನ ಇಷ್ಟು ಖುಷಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ.